ತಿದಿ ಒತ್ತುವವನ ಹೊಣೆ

ಹಳ್ಳಿಯ ಕಮ್ಮಾರಸಾಲೆಯನ್ನು ಹತ್ತಿರದಿಂದ ಕಂಡವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಕುಲುಮೆಯ ಬೆಂಕಿಯ ಬಲ ನಿರ್ಧಾರವಾಗುವುದು ಇದ್ದಿಲಿನಿಂದಲ್ಲ, ತಿದಿಯಿಂದ. ಒತ್ತಿದಷ್ಟೂ ಕೆಂಡ ಕೆಂಪಿನಿಂದ ಹಳದಿಗೆ, ಹಳದಿಯಿಂದ ಬಿಳುಪಿಗೆ ತಿರುಗುತ್ತದೆ. ಹದ ಮೀರಿದರೆ ಕಬ್ಬಿಣ ಕಾಯುವುದನ್ನು ಬಿಟ್ಟು ಕಿಡಿ ಉದುರಿಸುತ್ತ ಸುಟ್ಟುಹೋಗುತ್ತದೆ. ಸುಟ್ಟ ಕಬ್ಬಿಣ ಕುಡುಗೋಲಾಗದು, ಗುಳವೂ ಆಗದು. ಅದಕ್ಕೇ ತಿದಿ ಒತ್ತುವವರು ಮನೆಯ ಹುಡುಗರಾದರೂ, ಯಾವಾಗ ನಿಲ್ಲಿಸಬೇಕೆಂದು ಹೇಳುವವನು ಕಮ್ಮಾರನೇ ಆಗಿರುತ್ತಾನೆ.

ಮೋಟಾರು ಕಾರಿನ ಎಂಜಿನ್ ಕೂಡ ಒಂದು ಕುಲುಮೆಯೇ. ಅದಕ್ಕೆ ಹೆಚ್ಚು ಪೆಟ್ರೋಲ್ ಉಣಿಸುವುದು ಕಷ್ಟವಲ್ಲ. ಆ ಪೆಟ್ರೋಲ್ ಉರಿಯಲು ಬೇಕಾದ ಗಾಳಿಯನ್ನು ಒದಗಿಸುವುದು ಕಷ್ಟ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.7 ಕಿಲೊ ಗಾಳಿ ಬೇಕು. ಸಾಮಾನ್ಯ ಎಂಜಿನ್ ಇದನ್ನು ತಾನೇ ಹೀರಿಕೊಳ್ಳುತ್ತದೆ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ತೆರವಾಗುವ ಜಾಗಕ್ಕೆ ಹೊರಗಿನ ವಾಯುಭಾರ ಗಾಳಿಯನ್ನು ನೂಕುತ್ತದೆ. ಹೀಗೆ ಎಷ್ಟು ಗಾಳಿ ಒಳಬಂದೀತೋ ಅಷ್ಟೇ ಆ ಎಂಜಿನ್ನಿನ ಶಕ್ತಿ. ಅದಕ್ಕಿಂತ ಹೆಚ್ಚಿನ ಗಾಳಿಯನ್ನು ಬಲವಂತವಾಗಿ ತುಂಬುವ ಯಂತ್ರವೇ ಸೂಪರ್‌ಚಾರ್ಜರ್. ಟರ್ಬೊಚಾರ್ಜರ್ ಇದರ ದಾಯಾದಿ. ಅದು ಹೊರಹೋಗುವ ಹೊಗೆಯ ರಭಸದಿಂದ ತಿರುಗಿದರೆ, ಸೂಪರ್‌ಚಾರ್ಜರ್ ಬೆಲ್ಟ್ ಮೂಲಕ ನೇರವಾಗಿ ಎಂಜಿನ್ನಿನಿಂದಲೇ ಚಾಲನೆ ಪಡೆಯುತ್ತದೆ. ಹಾಗಾಗಿ ಚಾಲಕ ಪೆಡಲ್ ಒತ್ತಿದ ಕ್ಷಣವೇ ಕಾರು ಉತ್ತರಿಸುತ್ತದೆ.

ಉದ್ಯೋಗ ನಿಮಿತ್ತ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಬಳಿ 1994ರ ಮಾದರಿಯ ಮಜ್ದಾ ಮಿಯಾಟಾ ಕಾರೊಂದಿದೆ. ಎರಡೇ ಆಸನ, ಮಡಚುವ ಚಾವಣಿ, 1.8 ಲೀಟರ್ ಎಂಜಿನ್, ಕಾರ್ಖಾನೆಯಿಂದ ಬಂದಾಗ 128 ಅಶ್ವಶಕ್ತಿ. 1989ರಲ್ಲಿ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಮಾದರಿಯ ಹತ್ತು ಲಕ್ಷದ ಕಾರು 2016ರಲ್ಲಿ ಹೊರಬಂತು. ಎರಡಾಸನದ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಇನ್ನೊಂದಿಲ್ಲ. ಹಗುರ ಮೈ, ಚುರುಕು ತಿರುವು ಅದರ ಹೆಗ್ಗಳಿಕೆ. ಶಕ್ತಿ ಸಾಲದು ಎನ್ನುವುದು ಅದರ ಮೇಲಿನ ಹಳೆಯ ದೂರು. ಈ ದೂರಿಗೆ ಉತ್ತರವಾಗಿ, ಕಾರು ಕೊಂಡ ಮೇಲೆ ಜೋಡಿಸಿಕೊಳ್ಳಬಹುದಾದ ಸೂಪರ್‌ಚಾರ್ಜರ್ ಕಿಟ್‌ಗಳು ಮಾರುಕಟ್ಟೆಗೆ ಬಂದವು. ನನ್ನ ಕಾರಿನಲ್ಲಿರುವುದು ಅಂಥದೇ ಒಂದು. ಈಟನ್ ಕಂಪನಿಯ ಎಂ45 ಎಂಬ ಊದುಯಂತ್ರ ಅದರ ಹೃದಯ. ತಾನು ತಿರುಗುವ ಪ್ರತಿ ಸುತ್ತಿಗೂ ಅದು 45 ಘನ ಇಂಚು, ಅಂದರೆ ಸುಮಾರು 740 ಸಿಸಿ ಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ.

ಬೆಂಗಳೂರಿನಿಂದ ಬರುವ ಬಂಧುಗಳ ಮಕ್ಕಳು ಈ ಕಾರನ್ನು ಕಂಡೊಡನೆ ಕೇಳುವ ಪ್ರಶ್ನೆ ಒಂದೇ: ‘ಮಾಮಾ, ಎಷ್ಟು ಪವರ್ ಜಾಸ್ತಿ ಆಯ್ತು?’ ಪ್ರಶ್ನೆ ಸಹಜವಾದದ್ದು. ಆದರೆ ಅದರ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಹೆಚ್ಚಿದ ಆ ಬಲಕ್ಕೆ ಹೊಣೆ ಯಾರು, ಅದನ್ನು ಅಳೆಯುವವರು ಯಾರು? ಇಷ್ಟು ವರ್ಷ ಈ ಯಂತ್ರದ ಜತೆ ಏಗಿದ ಮೇಲೆ ನನಗೆ ಇದೇ ಮುಖ್ಯವೆನಿಸಿದೆ. ಒಂದು ಕಾರಿಗೆ ಮಾತ್ರವಲ್ಲ, ನಮ್ಮ ನಗರಗಳ ರಸ್ತೆಗಳಿಗೂ ಈ ಪ್ರಶ್ನೆ ಸಂಬಂಧಿಸಿದ್ದು.

ಸೋತು ಹೆಸರಾದ ಕಾರು

ಈ ತಿದಿಯ ಚರಿತ್ರೆ ಕಾರಿಗಿಂತ ಹಳೆಯದು. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಊರಿನ ರೂಟ್ಸ್ ಸಹೋದರರು 1860ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಆಗ ಅದರ ಉದ್ದೇಶ ನಿಜವಾಗಿಯೂ ಕಬ್ಬಿಣದ ಕುಲುಮೆಗಳಿಗೆ ಗಾಳಿ ಊದುವುದೇ ಆಗಿತ್ತು. ಇಂದಿಗೂ ಈ ಬಗೆಯ ಊದುಯಂತ್ರವನ್ನು ಅವರ ಹೆಸರಿನಿಂದಲೇ ಗುರುತಿಸುತ್ತಾರೆ; ನನ್ನ ಕಾರಿನಲ್ಲಿರುವುದೂ ಅದೇ ವಂಶದ್ದು. ಜರ್ಮನಿಯ ಮರ್ಸಿಡಿಸ್ ಕಾರುಗಳು 1921ರ ಬರ್ಲಿನ್ ಪ್ರದರ್ಶನದಲ್ಲಿ ಸೂಪರ್‌ಚಾರ್ಜರ್ ಹೊತ್ತು ಬಂದವು. ಮುಂದೆ ಹೆಸರಾದ ಅದರ ಮಾದರಿಗಳಲ್ಲಿ ಪೆಡಲನ್ನು ಪೂರ್ತಿ ತುಳಿದಾಗ ಮಾತ್ರ ಊದುಯಂತ್ರ ಎಂಜಿನ್ನಿಗೆ ಜೋಡಣೆಗೊಳ್ಳುತ್ತಿತ್ತು. ಅದನ್ನು ಅಲ್ಪಕಾಲ ಮಾತ್ರ ಬಳಸಬೇಕೆಂಬುದು ಚಾಲಕರಿಗಿದ್ದ ಕಟ್ಟುನಿಟ್ಟು.

ತಯಾರಕ ಒಲ್ಲೆನೆಂದರೂ ಹೊರಗಿನವರು ಕಾರಿಗೆ ಸೂಪರ್‌ಚಾರ್ಜರ್ ಜೋಡಿಸಿದ ಪ್ರಸಿದ್ಧ ಪ್ರಸಂಗ ಬ್ರಿಟನ್ನಿನದು. ಬೆಂಟ್ಲಿ ಕಂಪನಿಯ ಸ್ಥಾಪಕ ಡಬ್ಲ್ಯು.ಒ. ಬೆಂಟ್ಲಿ ಅವರಿಗೆ ಈ ಯಂತ್ರ ಕಂಡರಾಗದು. ಶಕ್ತಿ ಬೇಕಿದ್ದರೆ ಎಂಜಿನ್ನನ್ನೇ ದೊಡ್ಡದು ಮಾಡಬೇಕು, ಇದ್ದ ಎಂಜಿನ್ನಿನ ಗಂಟಲಿಗೆ ಗಾಳಿ ತುರುಕಬಾರದು ಎನ್ನುವುದು ಅವರ ನಿಲುವು. ಆದರೆ ರೇಸ್ ಚಾಲಕ ಟಿಮ್ ಬರ್ಕಿನ್ ಕೇಳಲಿಲ್ಲ. ಸಿರಿವಂತೆ ಡೊರೊಥಿ ಪ್ಯಾಜೆಟ್ ಅವರ ಹಣ, ಎಂಜಿನಿಯರ್ ಆಮ್ಹರ್ಸ್ಟ್ ವಿಲಿಯರ್ಸ್ ಅವರ ಊದುಯಂತ್ರ ಕೂಡಿ ‘ಬ್ಲೋವರ್ ಬೆಂಟ್ಲಿ’ ಹುಟ್ಟಿತು. 4.5 ಲೀಟರಿನ ಎಂಜಿನ್ 110 ಅಶ್ವಶಕ್ತಿಯಿಂದ 175ಕ್ಕೆ, ರೇಸ್ ಕಾರಿನಲ್ಲಿ 240ಕ್ಕೆ ಏರಿತು. 1930ರ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ಅದು ಎಲ್ಲರಿಗಿಂತ ವೇಗವಾಗಿ ಸುತ್ತು ಹಾಕಿತು ನಿಜ. ಆದರೆ ಓಟದಲ್ಲಿದ್ದ ಎರಡೂ ಬ್ಲೋವರ್ ಕಾರುಗಳು ಕೊನೆ ಮುಟ್ಟದೆ ನಿಂತವು. ಗೆದ್ದದ್ದು ಊದುಯಂತ್ರವಿಲ್ಲದ, ದೊಡ್ಡ ಎಂಜಿನ್ನಿನ ಬೆಂಟ್ಲಿ ಸ್ಪೀಡ್ ಸಿಕ್ಸ್. ಅದೇ ವರ್ಷ ಪಾವ್ ನಗರದಲ್ಲಿ ನಡೆದ ಫ್ರೆಂಚ್ ಗ್ರಾಂಪ್ರಿಯಲ್ಲಿ ಬರ್ಕಿನ್ ಎರಡನೆಯವರಾದರು. ಅದಕ್ಕಿಂತ ಮೇಲಿನ ಯಶಸ್ಸು ಆ ಕಾರಿಗೆ ದಕ್ಕಲಿಲ್ಲ.

ವಿಚಿತ್ರವೆಂದರೆ ಜನಮನದಲ್ಲಿ ಉಳಿದದ್ದು ಸೋತ ಕಾರೇ. ಬರ್ಕಿನ್ ಅವರ ಒಂಟಿ ಆಸನದ ಬ್ಲೋವರ್ 2012ರ ಹರಾಜಿನಲ್ಲಿ 50 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಬಲದ ಮೋಹ ಅಂಥದು. ಡಬ್ಲ್ಯು.ಒ. ಅವರ ಎಚ್ಚರಿಕೆ ಮಾತ್ರ ಎಲ್ಲ ಕಾಲಕ್ಕೂ ಸಲ್ಲುತ್ತದೆ: ಎಂಜಿನ್ ಒಂದು ಸಮತೋಲ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ.

ಲಾಭವನ್ನು ನುಂಗುವ ಬಿಸಿ

ಎಲ್ಲಿ ಉಬ್ಬುತ್ತದೆ? ಸ್ವಲ್ಪ ಲೆಕ್ಕ ನೋಡೋಣ. ಸಮುದ್ರಮಟ್ಟದಲ್ಲಿ ವಾಯುಭಾರ 14.7 ಪಿಎಸ್‌ಐ. ಟೈರಿಗೆ ಗಾಳಿ ಹಿಡಿಸುವಾಗ ನಾವು ಹೇಳುವ ‘ಮೂವತ್ತು’, ‘ಮೂವತ್ತೆರಡು’ ಇದೇ ಅಳತೆ. ಹಿಂದೆ ಹೇಳಿದ ಗಾಳಿ-ಪೆಟ್ರೋಲ್ ಪ್ರಮಾಣವೂ 14.7 ಆಗಿರುವುದು ಕೇವಲ ಕಾಕತಾಳೀಯ. ನನ್ನ ಕಾರಿನ ಕಿಟ್ ಇದರ ಮೇಲೆ ಸುಮಾರು 6 ಪಿಎಸ್‌ಐ ಒತ್ತಡ ಸೇರಿಸುತ್ತದೆ. ಲೆಕ್ಕದ ಪ್ರಕಾರ ಶೇ 40ರಷ್ಟು ಹೆಚ್ಚು ಗಾಳಿ ಒಳಹೋಗಬೇಕು, ಶಕ್ತಿಯೂ ಅಷ್ಟೇ ಹೆಚ್ಚಬೇಕು. ಹಾಗಾಗುವುದಿಲ್ಲ. ಸೈಕಲ್ ಪಂಪು ಹೊಡೆದವರಿಗೆಲ್ಲ ಅದರ ತುದಿ ಬಿಸಿಯಾಗುವುದು ಗೊತ್ತು. ಒತ್ತಿದ ಗಾಳಿ ಕಾಯುತ್ತದೆ. ರೂಟ್ಸ್ ಮಾದರಿಯಲ್ಲಂತೂ ವ್ಯರ್ಥವಾಗುವ ಶ್ರಮವೂ ಹೆಚ್ಚು, ಆ ವ್ಯರ್ಥವೆಲ್ಲ ಬಿಸಿಯೇ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಎಂಜಿನ್ ಸೇರುವ ಹೊತ್ತಿಗೆ 80 ಡಿಗ್ರಿ ದಾಟಬಹುದು. ಬಿಸಿ ಗಾಳಿ ತೆಳುವಾದದ್ದರಿಂದ ದೊರೆತ ಲಾಭದಲ್ಲಿ ದೊಡ್ಡ ಪಾಲು ಅಲ್ಲಿಯೇ ಸೋರಿಹೋಗುತ್ತದೆ. ಊದುಯಂತ್ರವನ್ನು ತಿರುಗಿಸಲೂ ಎಂಜಿನ್ನೇ ಶಕ್ತಿ ತೆರಬೇಕು.

ಇಷ್ಟು ಮಾತ್ರವಾಗಿದ್ದರೆ ಲಾಭ ಕಡಿಮೆಯಾಯಿತೆಂದು ಸುಮ್ಮನಿರಬಹುದಿತ್ತು. ನಿಜವಾದ ಅಪಾಯ ಬೇರೆ. ಸಿಲಿಂಡರಿನೊಳಗೆ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚಿದಾಗ ಬೆಂಕಿ ಕ್ರಮವಾಗಿ, ಗರಿಕೆಯ ಬಯಲಿನಲ್ಲಿ ಹರಡಿದಂತೆ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಗಬೇಕು. ಒಳಗಿನ ಮಿಶ್ರಣ ಅತಿಯಾಗಿ ಕಾದು ಅತಿಯಾಗಿ ಒತ್ತಲ್ಪಟ್ಟರೆ, ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಅನಿಲ ತಾನಾಗಿಯೇ ಸಿಡಿಯುತ್ತದೆ. ಇದೇ ‘ನಾಕಿಂಗ್’. ತಗಡಿನ ಡಬ್ಬಿಯಲ್ಲಿ ಕಲ್ಲುಹರಳು ಹಾಕಿ ಅಲ್ಲಾಡಿಸಿದಂಥ ಸದ್ದು. ಅದು ಕೆಲವು ಕ್ಷಣ ಮುಂದುವರಿದರೂ ಸಾಕು, ಪಿಸ್ಟನ್ನಿನ ಉಂಗುರ ಕೂರುವ ಅಂಚು ಮುರಿಯಬಹುದು. ತಲೆಯ ಮೇಲೆ ತೂತು ಬೀಳಬಹುದು.

ಟ್ಯೂನಿಂಗ್ ಎಂಬ ವಿದ್ಯೆಯೆಲ್ಲ ಇರುವುದು ಈ ಸಿಡಿತದ ಹೊಸಿಲಿನ ಈಚೆಗೆ ನಿಲ್ಲುವುದರಲ್ಲಿ. ಅದಕ್ಕೆ ಹಿಡಿಗಳು ಮೂರು. ಮೊದಲನೆಯದು ಇಂಧನ. ಸಮತಟ್ಟಾದ ಹೆದ್ದಾರಿಯಲ್ಲಿ ನಿಧಾನ ಸಾಗುವಾಗ 14.7ಕ್ಕೆ ಒಂದು ಎಂಬ ಪ್ರಮಾಣ ಸರಿ. ಊದುಯಂತ್ರ ಪೂರ್ಣ ಒತ್ತುವಾಗ ಅದನ್ನು 12ರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಕ್ಕೆ ಇಳಿಸಬೇಕು. ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತ ಒಳಗಿನ ಬಿಸಿಯನ್ನು ಹೀರುತ್ತದೆ. ಹಾಗೆಂದು ಸುರಿಯುತ್ತಲೇ ಹೋದರೆ ಸಿಲಿಂಡರಿನ ಗೋಡೆಗಂಟಿದ ಎಣ್ಣೆ ತೊಳೆದುಹೋಗಿ ಸವೆತ ಹೆಚ್ಚುತ್ತದೆ. ಪೆಟ್ರೋಲಿನ ಗುಣವೂ ಮುಖ್ಯ. ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ‘ಪ್ರೀಮಿಯಂ’ 91 ಆಕ್ಟೇನಿನದು. ಅಮೆರಿಕದಲ್ಲಿ ಎರಡು ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ, ಭಾರತದಲ್ಲಿ ಒಂದೇ ಪರೀಕ್ಷೆಯ ಅಂಕಿಯನ್ನು ಹೇಳುತ್ತಾರೆ. ಅಲ್ಲಿಯ 91 ನಮ್ಮ ಲೆಕ್ಕದಲ್ಲಿ 95ರ ಸಮೀಪ.

ಎರಡನೆಯ ಹಿಡಿ ಕಿಡಿಯ ಹೊತ್ತು. ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲೇ ಕಿಡಿ ಹಾರಬೇಕು ಎಂಬುದರ ಮೇಲೆ ಶಕ್ತಿಯೂ ನಿಂತಿದೆ, ಅಪಾಯವೂ ನಿಂತಿದೆ. ಒಂದು ಪಿಎಸ್‌ಐ ಒತ್ತಡಕ್ಕೆ ಸುಮಾರು ಒಂದು ಡಿಗ್ರಿ ತಡಮಾಡು ಎನ್ನುವುದು ಈ ಕಸುಬಿನ ಸ್ಥೂಲ ಸೂತ್ರ. ತಡ ಹೆಚ್ಚಾದರೆ ಬೆಂಕಿ ಸಿಲಿಂಡರಿನಲ್ಲಿ ಮುಗಿಯದೆ ಹೊಗೆಕೊಳವೆಯವರೆಗೂ ಉರಿದು ಅಲ್ಲಿನ ಭಾಗಗಳನ್ನು ಸುಡುತ್ತದೆ. ಮೂರನೆಯದು ತಂಪು: ಒತ್ತಿದ ಗಾಳಿಯನ್ನು ಎಂಜಿನ್ನಿಗೆ ಬಿಡುವ ಮೊದಲು ತಣಿಸುವ ಇಂಟರ್‌ಕೂಲರ್, ರೇಡಿಯೇಟರ್, ತಣ್ಣಗಿನ ಶ್ರೇಣಿಯ ಸ್ಪಾರ್ಕ್ ಪ್ಲಗ್. ಈ ಮೂರರಲ್ಲಿ ಒಂದನ್ನು ಬದಲಿಸಿದರೆ ಉಳಿದೆರಡನ್ನೂ ಮತ್ತೆ ನೋಡಬೇಕು.

ಎರಡು ಡಿಗ್ರಿಯ ವಿವೇಕ

ನನ್ನ ಕಾರು ರಸ್ತೆಯದು. ಅದರ ಕಿಟ್ಟಿನ ಹೊಂದಾಣಿಕೆಯನ್ನು ತಯಾರಕರು ಗೊತ್ತುಮಾಡಿದ ಮಿತಿಯಲ್ಲೇ ಇಡಬೇಕು, ಇಟ್ಟಿದ್ದೇನೆ. ಟ್ಯೂನಿಂಗ್‌ನ ಪೂರ್ಣ ಸ್ವರೂಪ ಕಂಡದ್ದು ಗೆಳೆಯರೊಬ್ಬರ ಮಿಯಾಟಾದಲ್ಲಿ. ಅದು ರಸ್ತೆಗಿಳಿಯದ, ಟ್ರೇಲರ್ ಮೇಲೆ ರೇಸ್‌ಟ್ರ್ಯಾಕಿಗೆ ಹೋಗುವ ಕಾರು. ಕಾರ್ಖಾನೆಯ ಕಂಪ್ಯೂಟರನ್ನು ತೆಗೆದು ‘ಮೆಗಾಸ್ಕ್ವರ್ಟ್’ ಎಂಬ, ಮಾಲೀಕರೇ ಹೊಂದಿಸಿಕೊಳ್ಳಬಹುದಾದ ನಿಯಂತ್ರಕವನ್ನು ಅದಕ್ಕೆ ಕೂರಿಸಿದ್ದಾರೆ. ಅದರ ಒಳಗಿರುವುದು ಮೂಲತಃ ಎರಡು ಕೋಷ್ಟಕ. ಅಡ್ಡಕ್ಕೆ ಎಂಜಿನ್ನಿನ ವೇಗ, ಉದ್ದಕ್ಕೆ ಗಾಳಿಯ ಒತ್ತಡ; 16ಕ್ಕೆ 16ರಂತೆ 256 ಮನೆಗಳು. ಒಂದು ಕೋಷ್ಟಕ ಇಂಧನದ ಲೆಕ್ಕಕ್ಕೆ, ಇನ್ನೊಂದು ಕಿಡಿಯ ಹೊತ್ತಿಗೆ. ಪ್ರತಿ ಮನೆಗೂ ತಕ್ಕ ಅಂಕಿ ಹುಡುಕಿ ತುಂಬುವುದೇ ಟ್ಯೂನಿಂಗ್.

ಫೆಬ್ರುವರಿಯ ಒಂದು ಬೆಳಿಗ್ಗೆ ಕಾರನ್ನು ಡೈನಮೊಮೀಟರಿನ ಉರುಳೆಗಳ ಮೇಲೆ ಏರಿಸಿ ಕಟ್ಟಿದರು. ಹೊಗೆಕೊಳವೆಯಲ್ಲಿ ಗಾಳಿ-ಪೆಟ್ರೋಲ್ ಪ್ರಮಾಣ ಹೇಳುವ ಸೆನ್ಸರ್. ಎಂಜಿನ್ನಿನ ಮೈಗೆ ಅಂಟಿಸಿದ ಪುಟ್ಟ ಮೈಕ್. ಟ್ಯೂನರ್ ಕಿವಿಗೆ ಹೆಡ್‌ಫೋನ್. ಗೆಳೆಯರು ಪೆಡಲ್ ತುಳಿದಾಗೆಲ್ಲ ಟ್ಯೂನರ್ ಪರದೆಯ ಕಡೆ ನೋಡದೆ ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಒಂದೊಂದು ಡಿಗ್ರಿ ಮುಂದಕ್ಕೆ ಸರಿಸಿದಾಗಲೂ ಶಕ್ತಿ ಏರಿತು. ಒಂದು ಹಂತದಲ್ಲಿ ಏರಿಕೆ ನಿಂತಿತು. ಆಗ ಅವರು ಅಲ್ಲಿಂದ ಎರಡು ಡಿಗ್ರಿ ಹಿಂದಕ್ಕೆ ಬಂದು, ‘ಇಷ್ಟೇ’ ಎಂದರು. ಪರದೆಯ ಮೇಲಿನ ಅಂಕಿ ನಾಲ್ಕೈದು ಅಶ್ವಶಕ್ತಿ ಇಳಿಯಿತು. ಗೆಳೆಯರ ಮುಖವೂ ಇಳಿಯಿತು. ಅದಕ್ಕೆ ಟ್ಯೂನರ್ ಕೊಟ್ಟ ಕಾರಣ ಸರಳ: ‘ಇಲ್ಲಿ ಈಗ ಚಳಿ. ನೀವು ಓಡಿಸುವುದು ಜುಲೈನಲ್ಲಿ.’

ಆ ಜುಲೈನಲ್ಲಿ ವಿಲೋಸ್ ಊರಿನ ಹತ್ತಿರದ ಥಂಡರ್‌ಹಿಲ್ ಟ್ರ್ಯಾಕಿನಲ್ಲಿ ತಾಪಮಾನ 40 ಡಿಗ್ರಿ ಮುಟ್ಟಿತ್ತು. ಸುತ್ತು ಹಾಕಿದಂತೆಲ್ಲ ಊದುಯಂತ್ರವೇ ಕಾದ ಕಾವಲಿಯಂತಾಗಿ ಒಳಹೋಗುವ ಗಾಳಿಯ ಬಿಸಿ ಏರುತ್ತಲೇ ಹೋಯಿತು. ಟ್ಯೂನರ್ ಬರೆದಿಟ್ಟಿದ್ದ ಕೋಷ್ಟಕ ಆ ಬಿಸಿಗೆ ತಕ್ಕಂತೆ ಕಿಡಿಯನ್ನು ಇನ್ನಷ್ಟು ತಡಮಾಡಿತು. ಕಾರು ನಿಧಾನವಾಯಿತು, ಸಂಜೆ ಮನೆಗೂ ಹೋಯಿತು. ಅದೇ ದಿನ ಅಂಥದೇ ಇನ್ನೊಂದು ಕಾರು ನೀಲಿ ಹೊಗೆ ಉಗುಳಿ ತಿರುವಿನಲ್ಲಿ ನಿಂತಿತು. ಎಂಜಿನ್ ಬಿಚ್ಚಿದಾಗ ನಾಲ್ಕನೆಯ ಪಿಸ್ಟನ್ನಿನ ಅಂಚು ಮುರಿದಿತ್ತೆಂದು ಆಮೇಲೆ ತಿಳಿಯಿತು. ನಾಲ್ಕನೆಯದೇ ಏಕೆ ಎಂಬುದಕ್ಕೂ ಕಾರಣವಿದೆ. ಈ ಎಂಜಿನ್ ವಂಶ ಮೂಲತಃ ಮುಂಚಕ್ರ ಚಾಲನೆಯ ಸಂಸಾರಸ್ಥ ಕಾರುಗಳದ್ದು. ಮಿಯಾಟಾಕ್ಕೆ ಅದನ್ನು ಉದ್ದಕ್ಕೆ ಕೂರಿಸುವಾಗ ತಂಪುನೀರು ಹೊರಹೋಗುವ ದಾರಿಯನ್ನು ಹಿಂಬದಿಯಿಂದ ಮುಂಬದಿಗೆ ತಂದರು. ಹಾಗಾಗಿ ಹಿಂದಿನ ಸಿಲಿಂಡರಿಗೆ ನೀರಿನ ಹರಿವು ಕಡಿಮೆ. ಅದು ಉಳಿದವಕ್ಕಿಂತ ಬಿಸಿ. 128 ಅಶ್ವಶಕ್ತಿಯಲ್ಲಿ ಯಾರಿಗೂ ಕಾಣದಿದ್ದ ಕೊರತೆ ಬಲ ಹೆಚ್ಚಿಸಿದಾಗ ಕಾಣುತ್ತದೆ.

ನಿಂತ ಕಾರಿನಿಂದ ತಿರುವಿಗೆ ಎಣ್ಣೆ ಚೆಲ್ಲಿತ್ತು. ಹಿಂದಿನಿಂದ ಬರುತ್ತಿದ್ದವರಿಗೆ ಬಾವುಟ ತೋರಿಸಿ ಓಟ ನಿಲ್ಲಿಸಿದರು. ಅಲ್ಲಿ ಬಾವುಟ ಹಿಡಿದವರಿದ್ದರು, ಎಣ್ಣೆ ಹೀರುವ ಪುಡಿ ಇತ್ತು, ಆಂಬುಲೆನ್ಸ್ ಸಿದ್ಧವಿತ್ತು. ಸಾರ್ವಜನಿಕ ರಸ್ತೆಯಲ್ಲಿ ಇವು ಯಾವುವೂ ಇರುವುದಿಲ್ಲ. ಒಬ್ಬನ ಎಂಜಿನ್ನಿನ ಲೆಕ್ಕ ತಪ್ಪಿದರೆ ಜಾರಿ ಬೀಳುವವನು ಹಿಂದಿನ ದ್ವಿಚಕ್ರ ಸವಾರ. ಬಲ ಹೆಚ್ಚಿಸುವುದು ಮಾಲೀಕನ ಖಾಸಗಿ ವಿಷಯವೆಂಬ ವಾದ ಇಲ್ಲಿಗೆ ಮುಗಿಯುತ್ತದೆ.

‘ಮಾಡು, ಆದರೆ ರುಜುವಾತು ಕೊಡು’

ಕ್ಯಾಲಿಫೋರ್ನಿಯಾದ ಕಾನೂನು ಈ ಹೊಣೆಯನ್ನು ನಿರ್ವಹಿಸುವ ಬಗೆ ಗಮನಾರ್ಹ. ಅಲ್ಲಿಯ ವಾಹನ ಸಂಹಿತೆಯ 27156ನೆಯ ಕಲಮು ಹೊಗೆ ನಿಯಂತ್ರಣ ವ್ಯವಸ್ಥೆಯ ಮೇಲೆ ಪರಿಣಾಮ ಬೀರುವ ಬಿಡಿಭಾಗಗಳನ್ನು ನಿಷೇಧಿಸುತ್ತದೆ. ಆದರೆ ಅದರಲ್ಲೇ ಒಂದು ಬಾಗಿಲಿದೆ. 1967ರಲ್ಲಿ ಸ್ಥಾಪನೆಯಾದ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಗೆ ಕಿಟ್ ತಯಾರಕರು ಪರೀಕ್ಷೆಯ ಫಲಿತಾಂಶ ಒಪ್ಪಿಸಿ, ತಮ್ಮ ಯಂತ್ರದಿಂದ ಕಾರಿನ ಹೊಗೆ ಮಿತಿ ಮೀರುವುದಿಲ್ಲವೆಂದು ತೋರಿಸಿದರೆ ಆ ಕಿಟ್ಟಿಗೆ ಒಂದು ಆದೇಶ ಸಂಖ್ಯೆ ದೊರೆಯುತ್ತದೆ. ಆ ಸಂಖ್ಯೆಯ ಚೀಟಿ ನನ್ನ ಕಾರಿನ ಬಾನೆಟ್ಟಿನ ಕೆಳಗೆ ಅಂಟಿಕೊಂಡಿದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಹೊಗೆ ತಪಾಸಣೆಯಲ್ಲಿ ತಂತ್ರಜ್ಞ ಬಾನೆಟ್ ಎತ್ತಿ ಆ ಚೀಟಿಯನ್ನು ಓದಿಕೊಳ್ಳುತ್ತಾನೆ, ಹೊಗೆಯನ್ನೂ ಅಳೆಯುತ್ತಾನೆ. ಚೀಟಿ ಇದ್ದು ಹೊಗೆ ಕೆಟ್ಟಿದ್ದರೂ ನಪಾಸು, ಹೊಗೆ ಚೆನ್ನಾಗಿದ್ದು ಚೀಟಿ ಇಲ್ಲದಿದ್ದರೂ ನಪಾಸು. ಹೊಸ ಕಾರುಗಳಲ್ಲಿ 2021ರ ಜುಲೈನಿಂದ ಕಂಪ್ಯೂಟರಿನ ತಂತ್ರಾಂಶವನ್ನು ತಿದ್ದಲಾಗಿದೆಯೇ ಎಂಬುದನ್ನೂ ನೋಡುತ್ತಾರೆ. ಸದ್ದಿಗೂ ಮಿತಿ ಇದೆ: ಕಾರುಗಳಿಗೆ 95 ಡೆಸಿಬಲ್. ಜರ್ಮನಿಯಲ್ಲಿಯೂ ಮಾರ್ಪಾಡನ್ನು ಅಧಿಕೃತ ತಪಾಸಕರು ಪರಿಶೀಲಿಸಿ ವಾಹನದ ದಾಖಲೆಯಲ್ಲಿ ನಮೂದಿಸುವ ಪದ್ಧತಿಯಿದೆ.

ಇದನ್ನು ರಾಮರಾಜ್ಯವೆಂದು ವರ್ಣಿಸುವ ಇರಾದೆ ನನಗಿಲ್ಲ. ಪರೀಕ್ಷೆಯ ಖರ್ಚು ಸಣ್ಣ ತಯಾರಕರಿಗೆ ಭಾರ. ಹಾಗಾಗಿ ಎಷ್ಟೋ ಒಳ್ಳೆಯ ಕಿಟ್‌ಗಳು ಅನುಮತಿಯ ಗೋಜಿಗೇ ಹೋಗುವುದಿಲ್ಲ. ನಡುರಾತ್ರಿ ನಾಲ್ಕುರಸ್ತೆಗಳಲ್ಲಿ ಕಾರು ತಿರುಗಿಸಿ ಮೆರೆಯುವ ಗುಂಪುಗಳು ಓಕ್‌ಲ್ಯಾಂಡಿನಂಥ ನಗರಗಳಿಗೆ ಇಂದಿಗೂ ತಲೆನೋವು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಹೊರತಂದ ವರದಿಯ ಪ್ರಕಾರ, ಅದರ ಹಿಂದಿನ ಒಂದು ದಶಕದಲ್ಲಿ ದೇಶದ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ ಟ್ರಕ್ಕುಗಳ ಹೊಗೆ ನಿಯಂತ್ರಣವನ್ನು ಮಾಲೀಕರು ಕಿತ್ತುಹಾಕಿದ್ದರು. ಕಾನೂನಿದ್ದಲ್ಲಿ ಕಳ್ಳದಾರಿಯೂ ಇರುತ್ತದೆ. ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು: ಅಲ್ಲಿ ನೇರದಾರಿಯೂ ಇದೆ. ನಿಯಮ ಪಾಲಿಸಬೇಕೆನ್ನುವವನಿಗೆ ಎಲ್ಲಿಗೆ ಹೋಗಬೇಕು, ಏನನ್ನು ತೋರಿಸಬೇಕು ಎಂಬುದು ಗೊತ್ತಿದೆ.

ನಮ್ಮಲ್ಲಿ ಆ ನೇರದಾರಿ ಬಹುಮಟ್ಟಿಗೆ ಮುಚ್ಚಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಗೊತ್ತುಮಾಡಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಿತು. ಕಾನೂನಿನ ಕಾಳಜಿ ಸರಿಯಾದದ್ದೇ. ನಮ್ಮ ರಸ್ತೆಗಳ ಸ್ಥಿತಿ ಬಲ್ಲವರು ಅದನ್ನು ಆಕ್ಷೇಪಿಸಲಾರರು.

ಆದರೆ ಫಲ ಏನಾಗಿದೆ? ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ಅವುಗಳ ಮೇಲೆ ರೋಡ್ ರೋಲರ್ ಹಾಯಿಸುವ ಸುದ್ದಿಚಿತ್ರ ನಮ್ಮ ಪತ್ರಿಕೆಗಳ ಓದುಗರಿಗೆ ಹೊಸದಲ್ಲ. ಕೆಲವು ದಿನ ಸದ್ದಡಗುತ್ತದೆ, ಮತ್ತೆ ಏಳುತ್ತದೆ. ಮಾರ್ಪಾಡು ನಿಂತಿಲ್ಲ, ಕತ್ತಲಿಗೆ ಸರಿದಿದೆ. ಕತ್ತಲಲ್ಲಿ ಮಾಡುವ ಕೆಲಸಕ್ಕೆ ಡೈನಮೊಮೀಟರ್ ಬೇಕಿಲ್ಲ, ಹೊಗೆಯ ಅಳತೆ ಬೇಕಿಲ್ಲ, ಎರಡು ಡಿಗ್ರಿ ಹಿಂದೆ ಸರಿಯುವ ವಿವೇಕವೂ ಬೇಕಿಲ್ಲ. ಯಾರೋ ಎಲ್ಲಿಂದಲೋ ತಂದ ತಂತ್ರಾಂಶವನ್ನು ಎಂಜಿನ್ನಿನ ಕಂಪ್ಯೂಟರಿಗೆ ತುಂಬಿದರೆ ಕೆಲಸ ಮುಗಿಯಿತು. ವಾಹನ ಕೆಟ್ಟರೆ ಮಾಲೀಕ ಬಾಯಿಬಿಡುವಂತಿಲ್ಲ, ಅಪಘಾತವಾದರೆ ವಿಮೆ ದಕ್ಕುವ ಭರವಸೆಯಿಲ್ಲ.

ಅಳತೆಗೆ ಒಳಪಡಿಸಿ ಅನುಮತಿ ಕೊಡುವ ಪದ್ಧತಿ ನಮಗೆ ಅಪರಿಚಿತವೇನಲ್ಲ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸುವವರು ಇದನ್ನೇ ಮಾಡುತ್ತಾರೆ: ಅನುಮೋದಿತ ಕಿಟ್, ಅಧಿಕೃತ ಕೇಂದ್ರ, ನೋಂದಣಿ ಪತ್ರದಲ್ಲಿ ನಮೂದು. ಹಳೆಯ ವಾಹನಕ್ಕೆ ವಿದ್ಯುತ್ ಮೋಟಾರು ಜೋಡಿಸಲೂ ಮಾನದಂಡಗಳಿವೆ. ಪರೀಕ್ಷಿಸಬಲ್ಲ ಸಂಸ್ಥೆಗಳು ಪುಣೆಯಲ್ಲಿವೆ, ಮಾನೇಸರದಲ್ಲಿವೆ. ಇದೇ ಹಾದಿಯನ್ನು ಇತರ ಬಿಡಿಭಾಗಗಳಿಗೂ ಹಂತಹಂತವಾಗಿ ವಿಸ್ತರಿಸಬಾರದೇಕೆ? ಎಲ್ಲಕ್ಕೂ ಅನುಮತಿ ಸಿಗಬೇಕೆಂದಲ್ಲ. ಪರೀಕ್ಷೆಯಲ್ಲಿ ಸೋತದ್ದಕ್ಕೆ ಈಗಿರುವುದಕ್ಕಿಂತ ಕಠಿಣ ದಂಡ ಇರಲಿ. ಸದ್ದು, ಹೊಗೆಗಳನ್ನು ಪೊಲೀಸರ ಕಿವಿ-ಕಣ್ಣಿನ ಅಂದಾಜಿಗೆ ಬಿಡದೆ ಉಪಕರಣದಿಂದ ಅಳೆಯುವ ವ್ಯವಸ್ಥೆ ಆಗಲಿ. ವೇಗದ ಹುಚ್ಚಿದ್ದವರಿಗೆ ಕೊಯಮತ್ತೂರಿನಲ್ಲಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯಲ್ಲಿ ರೇಸ್‌ಟ್ರ್ಯಾಕುಗಳಿವೆ. ಬೆಂಗಳೂರಿನಿಂದ ಎರಡೂ ಒಂದು ದಿನದ ಹಾದಿ. ರಿಂಗ್ ರಸ್ತೆ ಅದಕ್ಕಲ್ಲ.

ಬೀಗ ಹಾಕಿದ ಬಲ

ವಿದ್ಯುತ್ ಕಾರುಗಳ ಈ ಕಾಲದಲ್ಲಿ ಗಾಳಿ ಊದುವ ಯಂತ್ರದ ಮಾತೇಕೆ ಎಂದು ಕೇಳುವವರಿರಬಹುದು. ಅವರಿಗೊಂದು ಸಂಗತಿ ನೆನಪಿಸಬೇಕು. 2019ರ ಕೊನೆಯಲ್ಲಿ ಟೆಸ್ಲಾ ಕಂಪನಿ ತನ್ನ ಮಾಡೆಲ್ 3 ಕಾರಿನ ಒಂದು ಆವೃತ್ತಿಯ ಮಾಲೀಕರಿಗೆ 2,000 ಡಾಲರ್ ಬೆಲೆಗೆ ಹೆಚ್ಚುವರಿ ವೇಗೋತ್ಕರ್ಷ ಮಾರಿತು. ಗಂಟೆಗೆ ಸೊನ್ನೆಯಿಂದ 60 ಮೈಲಿ ಮುಟ್ಟಲು ಬೇಕಾಗಿದ್ದ 4.4 ಸೆಕೆಂಡ್ 3.9ಕ್ಕೆ ಇಳಿಯಿತು. ಯಾವ ಬೋಲ್ಟನ್ನೂ ಬಿಚ್ಚಲಿಲ್ಲ, ಯಾವ ಭಾಗವನ್ನೂ ಸೇರಿಸಲಿಲ್ಲ. ತಂತ್ರಾಂಶದ ಒಂದು ಬೀಗ ತೆರೆಯಿತು, ಅಷ್ಟೆ. ಬಲ ಮೊದಲಿನಿಂದಲೂ ಕಾರಿನಲ್ಲೇ ಇತ್ತು. ಕೀಲಿಕೈ ಮಾತ್ರ ಕಂಪನಿಯ ಕೈಯಲ್ಲಿತ್ತು. 2022ರಲ್ಲಿ ಮರ್ಸಿಡಿಸ್ ಕೂಡ ಅಮೆರಿಕದಲ್ಲಿ ತನ್ನ ವಿದ್ಯುತ್ ಕಾರುಗಳಿಗೆ ಇಂಥದೇ ಸೌಲಭ್ಯವನ್ನು ವಾರ್ಷಿಕ ಚಂದಾ ರೂಪದಲ್ಲಿ ಪ್ರಕಟಿಸಿತು.

ಅಲ್ಲಿಗೆ ಪ್ರಶ್ನೆ ಬದಲಾಗಿಲ್ಲ, ಮತ್ತಷ್ಟು ಹರಿತವಾಗಿದೆ. ಕೊಂಡ ಯಂತ್ರವನ್ನು ಬಿಚ್ಚಿ, ಅರಿತು, ತಿದ್ದುವ ಅವಕಾಶ ಮಾಲೀಕನಿಗೆ ಇರಬೇಕೇ ಬೇಡವೇ? ಇರಬೇಕೆಂಬುದು ನನ್ನ ಅಭಿಪ್ರಾಯ. ಯಂತ್ರವಿದ್ಯೆ ಬೆಳೆದದ್ದೇ ಹಾಗೆ. ನಮ್ಮೂರುಗಳ ಪಂಪ್‌ಸೆಟ್ಟು, ಟಿಲ್ಲರುಗಳನ್ನು ಬದುಕಿಸಿಟ್ಟ ಗ್ಯಾರೇಜಿನ ಹುಡುಗರು ಯಾವ ಕಂಪನಿಯ ಕೀಲಿಕೈಯನ್ನೂ ಕಾಯಲಿಲ್ಲ. ಆದರೆ ಈ ಹಕ್ಕನ್ನು ಕೇಳುವವನು ಅಳತೆಗೆ ಅಂಜಬಾರದು. ತಾನು ಹೆಚ್ಚಿಸಿದ ಬಲ ಎಷ್ಟು, ಅದರ ಹೊಗೆ ಎಷ್ಟು, ಸದ್ದು ಎಷ್ಟು, ಆ ವೇಗವನ್ನು ತಡೆಯಬಲ್ಲ ಬ್ರೇಕು ಎಷ್ಟು ಎಂದು ಮೊದಲು ತಾನೇ ತಿಳಿದಿರಬೇಕು. ಕೇಳಿದವರಿಗೆ ತೋರಿಸಲು ಸಿದ್ಧನಿರಬೇಕು.

ನನ್ನ ಕಾರಿನ ಮುಂದಿನ ತಪಾಸಣೆಯ ಚೀಟಿ ಅಂಚೆಯಲ್ಲಿ ಬಂದಿದೆ. ಗ್ಯಾರೇಜಿನ ತಂತ್ರಜ್ಞ ಎಂದಿನಂತೆ ಬಾನೆಟ್ ಎತ್ತುತ್ತಾನೆ, ಬ್ಯಾಟರಿ ಬೆಳಕು ಹಾಯಿಸಿ ಆದೇಶ ಸಂಖ್ಯೆ ಓದಿಕೊಳ್ಳುತ್ತಾನೆ, ಕಾರನ್ನು ಉರುಳೆಗಳ ಮೇಲೆ ಏರಿಸುತ್ತಾನೆ. ಅವನಿಗೆ ಈ ಕಾರಿನ ಅಶ್ವಶಕ್ತಿ ಎಷ್ಟೆಂಬ ಕುತೂಹಲ ಕಿಂಚಿತ್ತೂ ಇಲ್ಲ. ಹೊಗೆಕೊಳವೆಯ ತುದಿಯಲ್ಲಿ ಬರುವುದೇನೆಂದಷ್ಟೇ ಅವನು ಕೇಳುತ್ತಾನೆ. ನಾಗರಿಕ ಸಮಾಜವೊಂದು ಬಲವುಳ್ಳ ಯಾರನ್ನೇ ಆದರೂ ಕೇಳಬೇಕಾದದ್ದು ಅಷ್ಟನ್ನೇ.